ತಲೆ ಬಿಸಿ: ಒಂದು ಮಾರುತಿ 800 ಜತೆ ಮಾತುಕತೆ

ಕೆಜಿಎಫ್‌ನಿಂದ ಬಂಗಾರಪೇಟೆಗೆ ಹೋಗುವ ರಸ್ತೆ ಬದಿಯ ಹುಣಸೆ ಮರದಡಿ ಬಾನೆಟ್ ತೆರೆದು ನಿಂತ ಕಾರ್ಬುರೇಟರ್ ಕಾಲದ ಮಾರುತಿ 800 ಈ ವಾರದ ನಮ್ಮ ಅತಿಥಿ. ಯಜಮಾನರು ನೀರು ಹುಡುಕಿಕೊಂಡು ಹೋಗಿದ್ದರು. ಕೋಲಾರ ಜಿಲ್ಲೆಯಲ್ಲಿ ನೀರು ಹುಡುಕಲು ಹೋದವರು ಬೇಗ ಬರುವುದಿಲ್ಲವಾದ್ದರಿಂದ ಸಾವಕಾಶವಾಗಿ ಮಾತಾಡಿದೆವು.

ಪ್ರಶ್ನೆ: ಹೇಗಿದ್ದೀರಿ?

ಮಾರುತಿ: ಕಾಣ್ತಾ ಇಲ್ವಾ ಸ್ವಾಮಿ? ಮುಳ್ಳು ಕೆಂಪು ಗೆರೆ ಮುಟ್ಟಿದೆ. ಹೊರಟರೆ ಕುದಿ, ನಿಂತರೆ ನಡುಕ.

ಪ್ರಶ್ನೆ: ಯಾರಿಗಾದರೂ ತೋರಿಸಿದಿರಾ?

ಮಾರುತಿ: ಯಾರಿಗೆ ತೋರಿಸಿಲ್ಲ ಅಂತ ಕೇಳಿ! ರಾಬರ್ಟ್‌ಸನ್‌ಪೇಟೆಯಲ್ಲೊಬ್ಬರು ಬಿಸಿ ಅಂದ ಕೂಡಲೇ ಫ್ಯಾನ್ ಬದಲಿಸಿದರು. ಆಂಡರ್ಸನ್‌ಪೇಟೆಯಲ್ಲೊಬ್ಬರು ನಡುಕ ನೋಡಿ ಕಾರ್ಬುರೇಟರ್ ಬಿಚ್ಚಿ ತೊಳೆದು, ಐಡ್ಲಿಂಗ್ ಸ್ಕ್ರೂ ಏರಿಸಿ ಕಳಿಸಿದರು. ಮೊದಲು ಮೆಲ್ಲಗೆ ನಡುಗುತ್ತಿದ್ದೆ, ಈಗ ಜೋರಾಗಿ ನಡುಗುತ್ತೇನೆ. ಮೂರನೆಯವರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿ, "ನಮ್ಮ ಬಿಸಿಲಿಗೆ ಇದೆಲ್ಲ ಯಾಕಣ್ಣ?" ಅಂದರು. ಎಂಜಿನ್ 80 ಡಿಗ್ರಿ ದಾಟೋವರೆಗೆ ನೀರನ್ನು ತಡೆದು ಹಿಡಿಯೋದು ಅದರ ಕೆಲಸ. ಈಗ ಬೆಳಿಗ್ಗೆ ಹೊತ್ತು ಬಿಸಿಯಾಗೋದೇ ಇಲ್ಲ, ಪೆಟ್ರೋಲ್ ಕುಡಿಯೋದು ಹೆಚ್ಚಾಗಿದೆ. ಮಧ್ಯಾಹ್ನದ ಕುದಿ ಮಾತ್ರ ಹಾಗೇ ಇದೆ.

ಪ್ರಶ್ನೆ: ಎರಡು ಕಾಯಿಲೆ ಇದ್ದರೆ ಪಾಪ, ಅವರಾದರೂ ಏನು ಮಾಡುತ್ತಾರೆ?

ಮಾರುತಿ: ಕಾಯಿಲೆ ಒಂದೇ. ಹೆಡ್ ಗ್ಯಾಸ್ಕೆಟ್ ಹೋಗಿದೆ. ಓಡುವಾಗ ಸಿಲಿಂಡರಿನ ಗ್ಯಾಸ್ ನೀರಿನ ದಾರಿಗೆ ನುಗ್ಗಿ ನೀರನ್ನು ಹೊರಕ್ಕೆ ದಬ್ಬುತ್ತೆ. ಆಫ್ ಮಾಡಿದ ಮೇಲೆ ಅದೇ ಸಂದಿನಿಂದ ನೀರು ಸಿಲಿಂಡರಿಗೆ ಇಳಿದು ಪ್ಲಗ್ ಒದ್ದೆಯಾಗುತ್ತೆ. ನನಗಿರೋದು 796 ಸಿಸಿ, ಮೂರೇ ಸಿಲಿಂಡರ್. ಮೂರರಲ್ಲಿ ಒಬ್ಬ ಮುಷ್ಕರ ಹೂಡಿದರೆ ನಡುಗದೆ ಇರೋಕಾಗುತ್ತಾ?

ಪ್ರಶ್ನೆ: ಪುರಾವೆ?

ಮಾರುತಿ: ಬೆಳಿಗ್ಗೆ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಲಿ, ಗುಳ್ಳೆ ಏಳ್ತಾನೇ ಇರುತ್ತೆ. ಆಮೇಲೆ ಪ್ಲಗ್ ಕ್ಯಾಪ್ ಒಂದೊಂದಾಗಿ ಎಳೀಲಿ. ಬರಿಗೈ ಬೇಡ, ಹಿಡಿಗೆ ರಬ್ಬರ್ ಇರೋ ಇಕ್ಕಳ ತಗೊಳ್ಳಲಿ, ಶಾಕ್ ಹೊಡೆಯುತ್ತೆ. ಒಂದನೇದು ಎಳೆದರೆ ಎಂಜಿನ್ ಮುಗ್ಗರಿಸುತ್ತೆ, ಮೂರನೇದೂ ಹಾಗೇ. ನಡುವಿನದು ಎಳೆದರೆ ಏನೂ ಆಗಲ್ಲ. ಕೆಲಸ ಬಿಟ್ಟವನು ಅವನೇ. ಅವನ ಪ್ಲಗ್ ಬಿಚ್ಚಿ ನೋಡಿದರೆ ಅಕ್ಕಪಕ್ಕದವು ಕಂದು ಬಣ್ಣ, ಅದೊಂದು ಮಾತ್ರ ಆವಿಯಲ್ಲಿ ತೊಳೆದು ಬೆಳ್ಳಗಾಗಿದೆ. ಇಷ್ಟಕ್ಕೂ ಬಿಡಿಭಾಗ ಮಾರಾಟವಾಗಲ್ಲ ನೋಡಿ, ಅದಕ್ಕೇ ಯಾರೂ ಮಾಡಲಿಲ್ಲ.

ಪ್ರಶ್ನೆ: ಗ್ಯಾಸ್ಕೆಟ್ ಹೋದದ್ದು ಯಾಕೆ?

ಮಾರುತಿ: ಕೂಲೆಂಟ್ ದುಬಾರಿ ಅಂತ ಬೋರ್‌ವೆಲ್ ನೀರು ಸುರಿದರು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳೀ ಪದರ ಕಟ್ಟೋ ನೀರು ರೇಡಿಯೇಟರ್ ನಳಿಕೆಯಲ್ಲೂ ಕಟ್ಟಿತು. ನೀರಾಡಲಿಲ್ಲ, ಕಾದೆ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಯಿತು, ಗ್ಯಾಸ್ಕೆಟ್ ಬಾಯಿ ಬಿಟ್ಟಿತು. ಬಂಗಾರಪೇಟೆಯಲ್ಲಿ ಪಾನಿಪುರಿಯ ನೀರು ಎಷ್ಟು ತಿಳಿಯಾಗಿರುತ್ತೆ! ಆ ಜತನದಲ್ಲಿ ಕಾಲುಭಾಗ ನನ್ನ ಮೇಲೆ ತೋರಿಸಿದ್ದರೆ ಇವತ್ತು ಇಲ್ಲಿ ನಿಲ್ಲುತ್ತಿರಲಿಲ್ಲ.

ಪ್ರಶ್ನೆ: ತಂಪು ಮಾಡುವ ವಿದ್ಯೆ ನಿಮ್ಮೂರಿಗೆ ಹೊಸದೇನಲ್ಲವಲ್ಲ?

ಮಾರುತಿ: ಅದೇ ಹೊಟ್ಟೆಯುರಿ ಸ್ವಾಮಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ, ತಳದ ಬಂಡೆ 60 ಡಿಗ್ರಿಗೂ ಬಿಸಿ. ಅಲ್ಲಿಗೆ ತಂಪು ಗಾಳಿ ಇಳಿಸಿ ಮನುಷ್ಯರಿಂದ ಕೆಲಸ ಮಾಡಿಸಿದ ಊರಿದು. 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ತಂದ ಊರು. ಇಲ್ಲೇ ನನ್ನ ಫ್ಯಾನಿಗೆ ವೈರ್ ಸುತ್ತಿ 'ಡೈರೆಕ್ಟ್' ಕೊಟ್ಟಿದ್ದಾರೆ.

ಪ್ರಶ್ನೆ: ನಿಂತಲ್ಲೇ ನಡುಗುವುದಕ್ಕೆ ನಾಚಿಕೆಯಾಗುವುದಿಲ್ಲವೇ?

ಮಾರುತಿ: ನಾನೊಬ್ಬನೇನಾ? 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚುನಾವಣೆ ಬಂದಾಗೆಲ್ಲ ಯಾರಾದರೂ ಬಂದು ಅದಕ್ಕೆ ಸೆಲ್ಫ್ ಹೊಡೀತಾರೆ, ಹೊಗೆ ಬರುತ್ತೆ, ಗೇರ್ ಬೀಳಲ್ಲ. ಜನ ಕಾದು ಸಾಕಾಗಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಊರಿಗೂ ಅಷ್ಟೇ, ಸ್ಕ್ರೂ ತಿರುಗಿಸೋರು ಬೇಕಾದಷ್ಟು ಜನ, ಹೆಡ್ ಬಿಚ್ಚಿ ನೋಡೋರಿಲ್ಲ.

ಪ್ರಶ್ನೆ: ಕೊನೆಯದಾಗಿ?

ಮಾರುತಿ: ಹೆಡ್ ಇಳಿಸಿ ಫೇಸಿಂಗ್ ಮಾಡಿಸಲಿ. ಹೊಸ ಗ್ಯಾಸ್ಕೆಟ್, ತೊಳೆದ ರೇಡಿಯೇಟರ್, ಕಿತ್ತ ಥರ್ಮೋಸ್ಟಾಟಿಗೆ ಬದಲಿ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಅದೆಲ್ಲ ಆಮೇಲಾಯಿತು. ಅಗೋ, ಯಜಮಾನರು ಬಿಂದಿಗೆ ಹೊತ್ತು ಬರ್ತಿದ್ದಾರೆ. ಕುದೀತಿರೋವಾಗಲೇ ಮುಚ್ಚಳ ತಿರುಗಿಸಿದರೆ ಮುಖ ಬೆಂದು ಹೋಗುತ್ತೆ. ಅರ್ಧ ಗಂಟೆ ತಡೀರಿ ಅಂತ ಒಂದು ಮಾತು ಹೇಳಿ ಸ್ವಾಮಿ, ನನ್ನ ಮಾತು ಅವರಿಗೆ ಕೇಳಿಸಲ್ಲ.