ಬುಟ್ಟ್ಯಾಗ ರೊಟ್ಟಿ ಇದ್ರ ಬೀಗರು ಬರ್ಲಿ

ನಮ್ಮ ಆಳಂದದಲ್ಲಿ ಮನೆಗೆ ಬಂದವರು ಆಡುವ ಮೊದಲ ಮಾತೇ ಸುಳ್ಳು: "ಊಟ ಆಗ್ಯಾದ್ರಿ, ಏನೂ ಬ್ಯಾಡ." ಅದಕ್ಕೆ ಮನೆಯವರ ಉತ್ತರ ಇನ್ನೊಂದು ಸುಳ್ಳು: "ಅಡಿಗಿ ಆಗ್ಯಾದ, ಕೈಕಾಲ ತೊಳಕೋರಿ." ಸತ್ಯ ಇಬ್ಬರಿಗೂ ಗೊತ್ತಿರುವುದರಿಂದ ಯಾರಿಗೂ ಮುಜುಗರವಿಲ್ಲ. ಸ್ವಲ್ಪ ಹೊತ್ತಿಗೆ ಊಟ ಆಗಿದೆ ಎಂದವರು ಮೂರನೆಯ ರೊಟ್ಟಿ ಮುರಿಯುತ್ತಿರುತ್ತಾರೆ, ಅಡಿಗೆ ಆಗಿದೆ ಎಂದವರು ಒಳಗೆ ಒಗ್ಗರಣೆಗೆ ಬಳ್ಳೊಳ್ಳಿ ಜಜ್ಜುತ್ತಿರುತ್ತಾರೆ.

ಎರಡನೆಯ ಸುಳ್ಳಿಗೆ ಧೈರ್ಯ ಕೊಡುವುದು ರೊಟ್ಟಿ ಬುಟ್ಟಿ. ಎಣ್ಣೆ ಸೋಕದ, ಹಪ್ಪಳದಷ್ಟು ತೆಳ್ಳಗೆ ಬಡಿದು ಒಣಗಿಸಿದ ಖಡಕ್ ರೊಟ್ಟಿ ಬಟ್ಟೆ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಪಕ್ಕದ ಡಬ್ಬಿಗಳಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಇವಿಷ್ಟನ್ನು ಮೊಸರಿನ ಜೊತೆ ಮುಂದಿಟ್ಟು, ರೊಟ್ಟಿ ಮುರಿಯುವ ಸದ್ದಿನ ಮರೆಯಲ್ಲಿ ಬೇಳೆಗೆ ಕುಕ್ಕರ್ ಕೂಗಿಸಿದರಾಯಿತು. ಬೇಳೆಗಂತೂ ನಮಗೆ ಬರವಿಲ್ಲ. 2019ರಲ್ಲಿ ಜಿಐ ಗುರುತು ಸಿಕ್ಕ ಕಲಬುರಗಿ ತೊಗರಿ ಬೇಳೆ ನಮ್ಮ ಹೊಲಗಳದ್ದೇ. ಪುಂಡಿ ಸೊಪ್ಪು ಸಿಕ್ಕಿದ ದಿನ ಅದೇ ಬೇಳೆ ಪುಂಡಿ ಪಲ್ಯಕ್ಕೆ ಹೋಗುತ್ತದೆ, ಬಂದವರು ಹುಳಿಗೆ ಒಂದು ಕಣ್ಣು ಮುಚ್ಚಿ ಇನ್ನಷ್ಟು ಹಾಕಿಸಿಕೊಳ್ಳುತ್ತಾರೆ.

ನಮ್ಮ ಮಾವ ಕರೆಯುವುದರಲ್ಲಿ ಎತ್ತಿದ ಕೈ. ಲಾಡ್ಲೆ ಮಶಾಕ್ ದರ್ಗಾದ ಉರುಸಿಗೆ ಬಂದವರು, ಸಂತೆಗೆ ಬಂದವರು, ಬಸ್ಸು ತಪ್ಪಿಸಿಕೊಂಡವರು, ಯಾರಾದರೂ ಸರಿ, ಕಟ್ಟೆಯ ಮೇಲಿಂದಲೇ "ಬರ್ರಿ, ಉಂಡು ಹೋಗ್ರಿ" ಎಂದು ಕೂಗುತ್ತಾರೆ. ಇದಕ್ಕೆ ಅವರ ಬಳಿ ಶಾಸ್ತ್ರಾಧಾರವೂ ಇದೆ. ಪಕ್ಕದ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ, ಭೀಮಾ-ಅಮರ್ಜಾ ಸಂಗಮದ ಊರಿನಲ್ಲಿ, ದತ್ತಾತ್ರೇಯ ಇಂದಿಗೂ ಮಧ್ಯಾಹ್ನ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ. ಅದಕ್ಕೇ ಭಕ್ತರು ಅಲ್ಲಿ ಮಧುಕರಿ ಬೇಡುತ್ತಾರೆ, ನೀಡುತ್ತಾರೆ. "ಯಾರಿಗ್ಗೊತ್ತವ್ವ, ದತ್ತ ಇದ್ರೂ ಇರಬೌದು" ಎನ್ನುತ್ತಾರೆ ಮಾವ. ಹಾಗೆ ಬಂದ ದತ್ತನೊಬ್ಬ ಊಟ ಮುಗಿಸಿ, ಚಾ ಕುಡಿದು, ಚೀಲದಿಂದ ವಿಮೆ ಪಾಲಿಸಿಯ ಫಾರಂ ತೆಗೆದ. ಮಾವ ಸಹಿ ಹಾಕಿದರು.

ಕಟ್ಟೆಯ ಮೇಲಿನ ಈ ಔದಾರ್ಯದ ಬೇರು ಅಡಿಗೆ ಮನೆಯಲ್ಲಿದೆ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ತಣ್ಣೀರಿನ ಮಾತು ಅದು ಕೇಳುವುದಿಲ್ಲ. ಕುದಿಯುವ ಎಸರು ಹೊಯ್ದರೆ ಹಿಟ್ಟಿನ ಪಿಷ್ಟ ಬೆಂದು ಅಂಟು ಬರುತ್ತದೆ. ಆ ಬಿಸಿಯಲ್ಲೇ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಹಿಟ್ಟು ಹಳೆಯದಾದರೆ ಎಷ್ಟು ನಾದಿದರೂ ಅಂಚು ಬಿರಿಯುತ್ತದೆ. ಅತ್ತೆ ಒಣ ಹಿಟ್ಟು ಉದುರಿಸಿ ಬಡಿಯತೊಡಗಿದರೆ ಉಂಡೆ ಗಿರಗಿರ ತಿರುಗುತ್ತಲೇ ಅಗಲವಾಗುತ್ತದೆ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಕ್ಷಣಕ್ಕೆ ಮಗುಚಿದರೆ ರೊಟ್ಟಿ ಉಬ್ಬುತ್ತದೆ. ನನ್ನ ಕೈಯಲ್ಲಿ ಹೊಸ ಹಿಟ್ಟೂ ಬಿರಿಯುತ್ತದೆ. ಬಿರಿದದ್ದನ್ನು ಅತ್ತೆ ಮನೆಯವರಿಗೆ ತೆಗೆದಿಟ್ಟು ಗುಂಡಗಿನದನ್ನು ಬಂದವರಿಗೆ ಬಡಿಸುತ್ತಾರೆ. ನನ್ನ ರೊಟ್ಟಿ ತಿನ್ನುವ ಯೋಗ ಬೇಕೆಂದರೆ ನಮ್ಮ ಸಂಬಂಧಿಕರೇ ಆಗಬೇಕು.

ಎಳ್ಳ ಅಮಾವಾಸ್ಯೆ ಬಂತೆಂದರೆ ಬಂದವರ ಲೆಕ್ಕ ಇಡುವ ಪದ್ಧತಿಯೇ ರದ್ದು. ಹಿಂದಿನ ದಿನವೇ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದಾಗಿರುತ್ತದೆ. ಆ ಚಳಿಗಾಲದಲ್ಲಿ ಹೊಲ, ಹಿತ್ತಲು, ಸಂತೆಗಳಲ್ಲಿ ಸಿಗುವ ಸೊಪ್ಪು, ಬದನೆ, ಗಜ್ಜರಿ, ಹಸಿ ತೊಗರಿ, ಹಸಿ ಕಡಲೆ, ಅವರೆ ಎಲ್ಲ ಒಂದೇ ಪಾತ್ರೆಗೆ ಬಿದ್ದು, ಕಡಲೆ ಹಿಟ್ಟು ಕೂಡಿ ಭಜ್ಜಿ ಆಗುತ್ತದೆ. ಅದರೊಳಗೆ ಏನೇನಿದೆ ಎಂದು ಮಾಡಿದವರೂ ಪೂರ್ತಿ ಹೇಳಲಾರರು. ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಚರಗ ಚೆಲ್ಲಿ ಉಣ್ಣಲು ಕುಳಿತರೆ, ಬದುವಿನ ಮೇಲೆ ಹಾದುಹೋಗುವವರನ್ನೂ ಕರೆಯಲೇಬೇಕು. ಕರೆಯುವವರು ಮತ್ತೆ ಗಂಡಸರೇ, ಹೊರುವವರು ನಾವೇ. ಆದರೂ ಜೋಳದ ಹಸಿರಿನ ನಡುವೆ ಕುಳಿತು ತಣ್ಣನೆ ಭಜ್ಜಿ ತಿನ್ನುವಾಗ ಜಗಳ ತೆಗೆಯುವ ಮನಸ್ಸಾಗುವುದಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಂಗಿ ಊಟಕ್ಕೆ ಕರೆದರೆ ವಾರ ಮೊದಲೇ ವಾಟ್ಸಾಪಿನಲ್ಲಿ ಮೆನು ಚರ್ಚೆ ಶುರು. ಯಾರಿಗೆ ಖಾರ ಆಗದು, ಯಾರು ಅನ್ನ ಬಿಟ್ಟಿದ್ದಾರೆ, ಎಲ್ಲ ಬರೆದಿಟ್ಟು ಮಾಡಿ ಮುಗಿಸುವಷ್ಟರಲ್ಲಿ ಬಂದವರ ಜೊತೆ ಎರಡು ಮಾತಾಡುವ ತ್ರಾಣ ಅವಳಿಗೆ ಉಳಿದಿರುವುದಿಲ್ಲ. ಈಗ ಅವಳಿಗೂ ಬುಟ್ಟಿ ಸಿಕ್ಕಿದೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ಒಟ್ಟಾಗಿ ದಿನಕ್ಕೆ 3,000ಕ್ಕೂ ಹೆಚ್ಚು ರೊಟ್ಟಿ ಬಡಿದು 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಬೆಂಗಳೂರಿಗೂ ಕಳಿಸುತ್ತಿದ್ದಾರೆ. 2025ರ ಜೂನ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಈ ಸುದ್ದಿ ಹೇಳಿದ್ದನ್ನು ಅತ್ತೆಗೆ ತಿಳಿಸಿದೆ.

"ರೊಟ್ಟಿ ಬಡದ್ರ ರೊಕ್ಕ ಕೊಡ್ತಾರಾ?" ಎಂದವರೇ ಕಟ್ಟೆಯ ಕಡೆ ತಿರುಗಿ, "ಇಷ್ಟು ವರ್ಷದ್ದು ನಿಮ್ಮ ಮಾವಗ ಲೆಕ್ಕ ಕೇಳು" ಎಂದರು. ಮಾವನಿಗೆ ಅಂದು ಕಿವಿ ಕೇಳಿಸಲಿಲ್ಲ.

ಆಳಂದದ ಕಡೆ ಬಂದರೆ ನೀವೂ ಮನೆಗೆ ಬನ್ನಿ. ಫೋನ್ ಮಾತ್ರ ಮಾಡಬೇಡಿ. ಮಾಡಿದರೆ ಅತ್ತೆ ಹೋಳಿಗೆಗೆ ಬೇಳೆ ಇಡುತ್ತಾರೆ, ರುಬ್ಬುವುದು ನನ್ನ ಪಾಲಿಗೆ ಬರುತ್ತದೆ.