ವರ್ಚುವಲ್ ಮಷೀನ್ ಸಾಹೇಬರ ಸನ್ನಿಧಿಗೆ

ಮಹಾಮಹಿಮ ವರ್ಚುವಲ್ ಮಷೀನ್ ಸಾಹೇಬರಿಗೆ, ರೋಣ, ನರಗುಂದ, ಗಜೇಂದ್ರಗಡಗಳ ನಡುವೆ ಬಸ್ಸಿನಲ್ಲಿ ತಿರುಗುತ್ತ ಲಿನಕ್ಸ್ ಕಲಿಸುವ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ ಋಣಸ್ಮರಣೆ. ಹೊಸ ಕಂಪ್ಯೂಟರ್ ಕೇಳಿದರೆ "ಮುಂದಿನ ವರ್ಷ ನೋಡೂಣ್ರಿ" ಎನ್ನುವ ಕಾಲದಲ್ಲಿ ಒಂದೇ ಡಬ್ಬಿಯೊಳಗೆ ಡೆಬಿಯನ್, ರಾಕಿ ಇಬ್ಬರನ್ನೂ ಕೂರಿಸಿಕೊಟ್ಟವರು ತಾವು. "ನರಗುಂದದಾಗ ಒಮ್ಮೆ ಮಾಡಿಡ್ರಿ, ಎಲ್ಲಿ ಬೇಕಾದಲ್ಲಿ ನಡಸ್ರಿ" ಎಂದು ಅಭಯವನ್ನೂ ಕೊಟ್ಟಿರಿ. ನಂಬಿ, ಹಾರ್ಡ್ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಹೊರಟೆ.

ರೋಣದಲ್ಲಿ ತಾವು ತೋರಿದ ವಿನಯ ಮರೆಯಲಾರೆ. ನರಗುಂದದ ವರ್ಚುವಲ್‌ಬಾಕ್ಸಿನಲ್ಲಿ ಸುಖವಾಗಿದ್ದ ರಾಕಿ 9, ಇಲ್ಲಿನ ಕೆವಿಎಂ ಮೇಲೆ "ಈ ಪ್ರೊಸೆಸರಿಗೆ ಎಕ್ಸ್86-64-ವಿ2 ಬರುವುದಿಲ್ಲ" ಎಂದು ಗೊಣಗಿ ಕರ್ನೆಲ್ ಪ್ಯಾನಿಕ್ ಆಗಿ ಮಲಗಿತು. ಪ್ರೊಸೆಸರಿಗೆ ಅದು ಬರುತ್ತಿತ್ತು ಸಾಹೇಬರೇ! ತಾವೇ ಅದಕ್ಕೆ ಕ್ಯೂಇಎಂಯು64 ಎಂಬ ಹಳೆಯ ವೇಷ ತೊಡಿಸಿ, ಎಸ್‌ಎಸ್‌ಇ4.2 ಮೊದಲಾದ ವಿದ್ಯೆಗಳನ್ನು ಮುಚ್ಚಿಟ್ಟಿದ್ದಿರಿ. ಅಷ್ಟೆಲ್ಲ ಕೇಳದ ಡೆಬಿಯನ್ 12 ಪಕ್ಕದಲ್ಲೇ ತಕರಾರಿಲ್ಲದೆ ಎದ್ದು ಕೂತಿತು. ರಾಕಿ 10ಕ್ಕೆ ವಿ3 ಬೇಕು. ಆ ಸೌಭಾಗ್ಯಕ್ಕೂ ಕಾದಿದ್ದೇನೆ.

ವೇಷ ಬದಲಿಸಿದೆ, ಡಿಸ್ಕ್ ಮಾಯ. ನರಗುಂದದಲ್ಲಿ ಸಾಟಾ ಎಂದು ಪರಿಚಯಿಸಿದ್ದನ್ನು ಇಲ್ಲಿ ವರ್ಟ್‌ಐಒ ಎಂದಿರಿ. ರಾಕಿಯ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಹುಟ್ಟಿದೂರಿಗೆ ಬೇಕಾದ ಡ್ರೈವರ್ ಬಿಟ್ಟರೆ ಬೇರೆ ಇರಲಿಲ್ಲ. ಡ್ರಾಕಟ್‌ನ ಎಮರ್ಜೆನ್ಸಿ ಶೆಲ್ಲಿನಲ್ಲೇ ಠಿಕಾಣಿ ಹೂಡಿತು. ಬಗೆಬಗೆಯ ಡ್ರೈವರ್ ಹೊತ್ತೇ ತಿರುಗುವ ಡೆಬಿಯನ್ ಡಿಸ್ಕ್ ಹಿಡಿಯಿತು, ನೆಟ್‌ವರ್ಕ್ ಬಿಟ್ಟಿತು: ನಾನು ಐಪಿ ಬರೆದಿಟ್ಟದ್ದು ಇಎನ್‌ಪಿ0ಎಸ್3ಕ್ಕೆ, ತಾವು ಕಾರ್ಡಿಗೆ ಇಲ್ಲಿ ಕೊಡಿಸಿದ ನಾಮಧೇಯ ಇಎನ್‌ಪಿ1ಎಸ್0. ಇಬ್ಬರಿಗೂ ಒಂದೊಂದು ಕಷ್ಟ ಹಂಚಿದ ತಮ್ಮ ಸಮದೃಷ್ಟಿಗೆ ಶರಣು.

ಗಜೇಂದ್ರಗಡದಲ್ಲಂತೂ ತಮ್ಮ ಕೃಪೆಗೆ ಪಾರವೇ ಇಲ್ಲ. ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತಿದ್ದವು, ಕೆಳಗೆ ಲ್ಯಾಬಿನಲ್ಲಿ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಮರುದಿನ ತೆರೆದರೆ ಒಳಗಿನ ಡೆಬಿಯನ್ನಿಗೆ ಇನ್ನೂ ನಿನ್ನೆಯ ಸಂಜೆ. ಸರ್ವರಿನ ರಿಲೀಸ್ ಫೈಲಿಗೆ ಇವತ್ತಿನ ತಾರೀಖು ಇದ್ದುದರಿಂದ, ಅದು ಇನ್ನೂ ಊರ್ಜಿತವಾಗಿಲ್ಲವೆಂದು ಆಪ್ಟ್ ಅಪ್‌ಡೇಟ್ ನಿರಾಕರಿಸಿತು. ಹೋಸ್ಟಿನ ಕರ್ನೆಲ್ 6.12ಕ್ಕೆ ಏರಿಸಿದ ಮೇಲೆ, ಬೂಟ್ ಆಗುವಾಗಲೇ ಕೆವಿಎಂ ವಿಟಿ-ಎಕ್ಸ್ ಹಿಡಿದುಕೊಂಡು ವರ್ಚುವಲ್‌ಬಾಕ್ಸನ್ನು ಹೊರಗೆ ನಿಲ್ಲಿಸಿತು. ತಮ್ಮ ಮನೆತನದ ಈ ಒಗ್ಗಟ್ಟು ಕಂಡು ಕಣ್ತುಂಬಿ ಬಂತು.

ಇಲ್ಲದ ಪ್ರೊಸೆಸರ್, ಇಲ್ಲದ ಡಿಸ್ಕ್, ಇಲ್ಲದ ನೆಟ್‌ವರ್ಕ್ ಕಾರ್ಡ್ ಇವೆಯೆಂದು ನಂಬಿಸುವುದೇ ತಮ್ಮ ಕಸುಬು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಕೈಮುಗಿದು ಬೇಡುವುದು ಇಷ್ಟೇ: ಮೂರೂ ಊರಲ್ಲಿ ಒಂದೇ ಸುಳ್ಳು ಹೇಳಿ.

ಇಂತಿ ತಮ್ಮ ಆಜ್ಞಾಧಾರಕ,
ಒಬ್ಬ ಅತಿಥಿ ಉಪನ್ಯಾಸಕ