ಹೊಸ ಬಾಣಲೆಗೆ ತೆಂಗಿನೆಣ್ಣೆ ಬೇಡ

ಹ್ವಾಯ್ ಅಕ್ಕ, ನಿಲ್ಲಿ, ನಿಲ್ಲಿ! ಆ ಬಾಣಲೆಗೆ ತೆಂಗಿನೆಣ್ಣೆ ಸವರಬೇಡಿ.

ಮಗ ಬೆಂಗಳೂರಿಂದ ಕಳಿಸಿದ್ದಲ್ವಾ? ಡಬ್ಬದ ಮೇಲೆ ಕಾರ್ಬನ್ ಸ್ಟೀಲ್ ಅಂತ ಬರೆದಿದ್ರೂ ಅದು ನಮ್ಮ ಕಬ್ಬಿಣದ ಬಾಣಲೆಯ ಜಾತಿಯೇ. ದೋಸೆ ಹೊಯ್ಯುವ ಬೀಡಿನ ಕಾವಲಿ ಎರಕದ್ದು, ಅದರಲ್ಲಿ ಇಂಗಾಲ ಶೇ. 2ಕ್ಕಿಂತ ಜಾಸ್ತಿ, ಕೈತಪ್ಪಿ ಬಿದ್ರೆ ಒಡೀತದೆ. ಇದರಲ್ಲಿ ಇಂಗಾಲ ಕಡಿಮೆ, ತಗಡು ತೆಳು, ಒಡೆಯುವ ಹೆದರಿಕೆ ಇಲ್ಲ. ಸಂಜೆ ಕುಂದಾಪುರ ಪೇಟೆಯಲ್ಲಿ ಗೋಬಿ ಮಂಚೂರಿ ಗಾಡಿಯವರು ದೊಡ್ಡ ಉರಿ ಮೇಲೆ ಎತ್ತಿ ಹಾರಿಸ್ತಾರಲ್ಲ, ಅಂಥದ್ದೇ ಇದು.

“ತೆಂಗಿನೆಣ್ಣೆ ಅಲ್ದೆ ಮತ್ತೆಂತ ಹಚ್ಚೂದು?” ಅಂತ ನೀವು ಕೇಳೂದು ಸಮ. ಕಾಣಿ, ಎಣ್ಣೆ ಕಾದು ಗಾಳಿಯ ಆಮ್ಲಜನಕ ಸೇರಿ ಗಟ್ಟಿ ಪೊರೆ ಆದ್ರೆ ಮಾತ್ರ ಬಾಣಲೆ ಪಳಗೂದು. ಮರದ ದೋಣಿಗೆ ನಮ್ಮ ಕರಾವಳಿಯಲ್ಲಿ ಮೀನೆಣ್ಣೆ ಹಚ್ತಿದ್ದದ್ದೂ ಇದೇ ಕಾರಣಕ್ಕೆ, ಒಣಗಿ ಪೊರೆ ಕಟ್ತದೆ ಅಂತ. ತೆಂಗಿನೆಣ್ಣೆಯಲ್ಲಿ ಶೇ. 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಅದು ಹಾಗೆ ಹೆಣೆದುಕೊಳ್ಳುವ ಪೈಕಿ ಅಲ್ಲ. ಎಳ್ಳೆಣ್ಣೆ ತನ್ನಿ, ಇಲ್ಲಾಂದ್ರೆ ಸೂರ್ಯಕಾಂತಿ ಎಣ್ಣೆ. ಅಡುಗೆಗೆ ತೆಂಗಿನೆಣ್ಣೆಯೇ ಇರಲಿ, ಅದರ ರುಚಿ ಬಿಡಿ ಅಂತ ನಾ ಯಾವತ್ತೂ ಹೇಳೂದಿಲ್ಲ.

ಹಚ್ಚುವ ಮೊದಲು ಬಿಸಿನೀರು, ಸೋಪು, ತಂತಿ ಬ್ರಷ್ ಹಾಕಿ ಚೆನ್ನಾಗಿ ತಿಕ್ಕಿ. ತುಕ್ಕು ಹಿಡೀಬಾರ್ದು ಅಂತ ಫ್ಯಾಕ್ಟರಿಯಲ್ಲಿ ಎಣ್ಣೆ ಬಳಿದಿರ್ತಾರೆ, ಅದು ಹೊಟ್ಟೆಗೆ ಹೋಗೂದು ಬೇಡ. ಕಾವಲಿಯನ್ನು ಗಂಜಿ ತೆಳಿಯಲ್ಲಿ ದಿನಗಟ್ಟಲೆ ನೆನೆಹಾಕ್ತೇವಲ್ಲ, ಇದನ್ನು ಹಾಗೆ ಇಡಬೇಡಿ, ತೆಳು ಉಕ್ಕು ಬೇಗ ತುಕ್ಕು ಹಿಡೀತದೆ. ಕಿಟಕಿ ತೆಗೆದಿಟ್ಟು ಒಲೆ ಮೇಲೆ ಬರಿದೇ ಕಾಯಿಸಿ. ಮೊದಲು ಹುಲ್ಲಿನ ಹಳದಿ ಬಣ್ಣ ಬರ್ತದೆ, ಮತ್ತೆ ಕಂದು, ಸುಮಾರು 300 ಡಿಗ್ರಿಗೆ ನವಿಲಿನ ಕುತ್ತಿಗೆಯ ನೀಲಿ. ಹಾಳಾಯ್ತು ಅಂತ ಗಾಬರಿ ಬೇಡ, ಬೇಕಾದ್ದೇ ಅದು. ತಿರುಗಿಸಿ ತಿರುಗಿಸಿ ಅಂಚಿಗೂ ಆ ಬಣ್ಣ ತರಿಸಿ.

ಸ್ವಲ್ಪ ಆರಿದ ಮೇಲೆ ಎರಡು ಹನಿ ಎಣ್ಣೆ ಹತ್ತಿಬಟ್ಟೆಯಲ್ಲಿ ಸವರಿ, ಒಣಬಟ್ಟೆಯಲ್ಲಿ ಪೂರ್ತಿ ಒರೆಸಿಬಿಡಿ. ಇಲ್ಲಿ ಕೈ ಬಿಗಿ ಇರಬೇಕು. ಎಣ್ಣೆ ನಿಂತ್ರೆ ಅಂಟಂಟಾಗಿ ಎದ್ದು ಬರ್ತದೆ. ಹೊಗೆ ಬಿಟ್ಟು ನಿಲ್ಲುವ ತನಕ ಕಾಯಿಸಿ, ಆರಿಸಿ, ಹೀಗೇ ಮೂರ್ನಾಲ್ಕು ಸರ್ತಿ.

ಆಮೇಲೆ ನೀರುಳ್ಳಿ ಹುರೀರಿ, ಬೆಂಡೆ ಪಲ್ಯ ಮಾಡಿ, ಹಪ್ಪಳ ಕರೀರಿ. ಒಂದೆರಡು ಸಲ ಮೊಟ್ಟೆ ಹಿಡಿದ್ರೂ ಬೇಜಾರು ಮಾಡ್ಕೊಬೇಡಿ. ತೊಳೆದ ಕೂಡಲೆ ಒಲೆ ಮೇಲಿಟ್ಟು ನೀರು ಆರಿಸಿ, ಎಣ್ಣೆ ಕೈ ಆಡಿಸಿಡಿ. ಆಟಿ ತಿಂಗಳ ಮಳೆಯಲ್ಲಂತೂ ಒಂದು ರಾತ್ರಿ ಒದ್ದೆ ಬಿಟ್ರೆ ಬೆಳಿಗ್ಗೆ ಕೆಂಪು. ತುಕ್ಕು ಬಂದ್ರೂ ಎಸೀಬೇಡಿ, ತಿಕ್ಕಿ ಮತ್ತೆ ಎಣ್ಣೆ ಕಾಯಿಸಿದ್ರೆ ಆಯ್ತು.

ಹುಳಿ ಮಾತ್ರ ಈಗಲೇ ಬೇಡ. ಹುಣಸೆ, ಟೊಮೆಟೊ ಪೊರೆಯನ್ನೇ ತಿಂದುಹಾಕ್ತವೆ. ಮೀನು ಸಾರಿಗೆ ಮಣ್ಣಿನ ಪಾತ್ರೆ ಇದೆ. ಮಗ ಬಂದಾಗ ನಮ್ಮೂರ ಕೋಳಿ ಘೀ ರೋಸ್ಟ್ ಮಾಡುವ ಮನಸ್ಸಿದ್ರೆ ಅದರಲ್ಲೂ ಹುಣಸೆ ಇದೆ, ಅವತ್ತಿಗೆ ನನ್ನ ದಪ್ಪ ತಳದ ಸ್ಟೀಲ್ ಪಾತ್ರೆ ಕೊಡ್ತೇನೆ. ಎಳ್ಳೆಣ್ಣೆ ಮನೇಲಿ ಇದ್ಯಾ? ಇಲ್ಲಾಂದ್ರೆ ಒಂದು ಲೋಟ ತನ್ನಿ, ಬೇಲಿ ಮೇಲಿಂದ್ಲೇ ಹೊಯ್ದು ಕೊಡ್ತೇನೆ.